ಜಗನ್ನಾಥದಾಸರು

ಜಗನ್ನಾಥದಾಸರು (1728–1809) ಹದಿನೆಂಟನೆಯ ಶತಮಾನದ ಹರಿದಾಸರು, ಕನ್ನಡದ ಕವಿಗಳು ಮತ್ತು ಮಾಧ್ವ ತತ್ತ್ವವನ್ನು ಕನ್ನಡ ಪದ್ಯದಲ್ಲಿ ಸಮಗ್ರವಾಗಿ ನಿರೂಪಿಸಿದ 'ಹರಿಕಥಾಮೃತಸಾರ'ದ ಕರ್ತೃಗಳು. ಇವರ ಹುಟ್ಟೂರು ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಬ್ಯಾಗವಾಟ. ಪೂರ್ವದ ಹೆಸರು ಶ್ರೀನಿವಾಸಾಚಾರ್ಯ. ಅಂಕಿತ 'ಜಗನ್ನಾಥ ವಿಠಲ'. ಪುರಂದರದಾಸರು, ವಿಜಯದಾಸರು, ಗೋಪಾಲದಾಸರು ಮತ್ತು ಜಗನ್ನಾಥದಾಸರು ಈ ನಾಲ್ವರನ್ನು ಸಂಪ್ರದಾಯದಲ್ಲಿ 'ದಾಸಚತುಷ್ಟಯ'ವೆಂದು ಕರೆಯುತ್ತಾರೆ. ಮೊದಲಿನವರನ್ನು ಬಿಟ್ಟರೆ ಉಳಿದ ಮೂವರೂ ಇಂದಿನ ರಾಯಚೂರು ಜಿಲ್ಲೆಯ ನೆಲದಲ್ಲಿಯೇ ಹುಟ್ಟಿದವರು.

ದೇವರ ಪದಗಳನ್ನು ಕನ್ನಡದಲ್ಲಿ ಕಟ್ಟುವುದೆಂದರೆ ಅದು ಶಾಸ್ತ್ರಕ್ಕಿಂತ ಕೀಳಾದ ಕೆಲಸವೇ, ಹಾಡಿಗೆ ಬೆಲೆ ಬರುವುದು ಭಾಷೆಯಿಂದಲೋ ನಂಬಿಕೆಯಿಂದಲೋ, ಹಾಡು ಉಳಿಯುವುದು ಯಾವುದರ ಬಲದಿಂದ ಎಂಬ ಪ್ರಶ್ನೆಗಳಿಗೆ ತಮ್ಮ ಬದುಕಿನಲ್ಲಿಯೂ ಕೃತಿಯಲ್ಲಿಯೂ ಉತ್ತರ ಹುಡುಕಿದವರು ಎಂಬುದು ಇವರ ವಿಶೇಷ. ಹಾಡಿನ ಬಗ್ಗೆ ಹಾಡಿನೊಳಗೇ ವಿಚಾರ ಮಾಡಿದ ಹರಿದಾಸರು ಬೇರೆಯವರೂ ಇದ್ದಾರೆ. ಆದರೆ ಮೊದಲು ಕನ್ನಡ ಪದಗಳನ್ನು ಹಗುರವಾಗಿ ಕಂಡು, ಆಮೇಲೆ ಅದೇ ಮಾರ್ಗಕ್ಕೆ ಬಂದ ಪಂಡಿತರಾದ್ದರಿಂದ ಇವರ ಮಾತಿಗೆ ಬೇರೆಯೇ ಒಂದು ತೂಕವಿದೆ.

ಹಿನ್ನೆಲೆ: ಕೃಷ್ಣಾ–ತುಂಗಭದ್ರೆಯರ ನಡುನಾಡು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆ ಇತಿಹಾಸದ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಯುದ್ಧಭೂಮಿಯಾಗಿ. ವಿಜಯನಗರ ಮತ್ತು ಬಹಮನಿ ಅರಸರು, ಅನಂತರ ಆದಿಲಶಾಹಿಗಳು ಈ ನೆಲಕ್ಕಾಗಿ ಮತ್ತೆ ಮತ್ತೆ ಕಾದಿದರು. ಮುದಗಲ್ಲು ಮತ್ತು ರಾಯಚೂರಿನ ಕೋಟೆಗಳು ಅದಕ್ಕೆ ಸಾಕ್ಷಿ. ಆದರೆ ಇದೇ ಸೀಮೆ ಹಾಡಿನ ಸೀಮೆಯೂ ಹೌದು ಎಂಬುದು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ.

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದ ಸಮೀಪದಲ್ಲಿ ಅಮರೇಶ್ವರ ಕ್ಷೇತ್ರವಿದೆ. ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಆಯ್ದಕ್ಕಿ ಲಕ್ಕಮ್ಮ ಈ ಕಡೆಯವರು. ಇಬ್ಬರ ವಚನಾಂಕಿತಗಳಲ್ಲಿಯೂ ಅಮರೇಶ್ವರಲಿಂಗದ ಹೆಸರಿದೆ. ದುಡಿಮೆಯನ್ನು ಬಿಟ್ಟು ಬೇರೆ ಪೂಜೆಯಿಲ್ಲವೆಂಬ ನಿಲುವನ್ನು ಅತ್ಯಂತ ಖಚಿತವಾಗಿ ಆಡಿದವರಲ್ಲಿ ಈ ಇಬ್ಬರೂ ಸೇರುತ್ತಾರೆ. ಮುದಗಲ್ಲಿನ ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರೆನ್ನದೆ ಜನ ಸೇರುತ್ತಾರೆ. ಆ ಹಬ್ಬದ ಹಾಡುಗಳೂ ಕನ್ನಡದಲ್ಲಿಯೇ ಇವೆ. ಏಕತಾರಿ ಹಿಡಿದು ಹಾಡುವ ತತ್ತ್ವಪದಕಾರರ ಪರಂಪರೆ ಕಲಬುರಗಿಯಿಂದ ರಾಯಚೂರಿನವರೆಗೆ ಹಬ್ಬಿದೆ. ಇವು ಪರಸ್ಪರ ಬೇರೆ ಬೇರೆ ಮತಗಳ ಹಾಡುಗಳು. ಒಂದರ ಸಿದ್ಧಾಂತ ಇನ್ನೊಂದಕ್ಕೆ ಒಪ್ಪಿಗೆಯಾಗುವಂಥದ್ದಲ್ಲ. ಆದರೂ ಆತ್ಮದ ವಿಷಯವನ್ನು ತಾಯಿನುಡಿಯಲ್ಲಿ, ಕಿವಿಗೆ ಮುಟ್ಟುವಂತೆ ಹೇಳಬೇಕೆಂಬ ಹಟ ಇವೆಲ್ಲಕ್ಕೂ ಸಮಾನ. ಜಗನ್ನಾಥದಾಸರು ಬೆಳೆದದ್ದು ಇಂಥ ನೆಲದಲ್ಲಿ.

ಹರಿದಾಸ ಪರಂಪರೆಯ ಮೊದಲ ಘಟ್ಟ ಹದಿನೈದು–ಹದಿನಾರನೆಯ ಶತಮಾನಗಳದು. ಶ್ರೀಪಾದರಾಜರು, ವ್ಯಾಸರಾಯರು, ವಾದಿರಾಜರು, ಪುರಂದರದಾಸರು ಮತ್ತು ಕನಕದಾಸರು ಆ ಕಾಲದವರು. ವಿಜಯನಗರದ ಪತನದ ನಂತರ ಈ ಹಾಡಿನ ಧಾರೆ ತೆಳುವಾಯಿತು. ಅದನ್ನು ಮತ್ತೆ ಹರಿಸಿದವರು ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು. ಕಡುಬಡತನದಲ್ಲಿ ಬೆಳೆದು, ಕಾಶಿಯವರೆಗೆ ಅಲೆದ ಅವರಿಗೆ ಕನಸಿನಲ್ಲಿ ಪುರಂದರದಾಸರೇ ದೀಕ್ಷೆ ಕೊಟ್ಟರೆಂಬುದು ನಂಬಿಕೆ. 1755ರಲ್ಲಿ ಅವರು ತೀರಿಕೊಂಡದ್ದು ಈಗ ಆಂಧ್ರಪ್ರದೇಶದಲ್ಲಿರುವ ಚಿಪ್ಪಗಿರಿಯಲ್ಲಿ. ಅವರ ಶಿಷ್ಯರು ದೇವದುರ್ಗ ಸೀಮೆಯ ಮೊಸರಕಲ್ಲಿನ ಭಾಗಣ್ಣ, ಅಂದರೆ ಗೋಪಾಲದಾಸರು. ಗೋಪಾಲದಾಸರ ಶಿಷ್ಯರೇ ಜಗನ್ನಾಥದಾಸರು.

ಜೀವನ

ಶ್ರೀನಿವಾಸಾಚಾರ್ಯರು ಕೀಲಕ ಸಂವತ್ಸರದ ಶ್ರಾವಣ ಶುದ್ಧ ಬಿದಿಗೆಯಂದು ಹುಟ್ಟಿದರು. ತಂದೆ ನರಸಪ್ಪನವರು ಕುಲಕರ್ಣಿ ಮನೆತನದವರು. ಬಾಲ್ಯದಲ್ಲಿಯೇ ಸಂಸ್ಕೃತ ಕಾವ್ಯ, ವ್ಯಾಕರಣ ಮತ್ತು ವೇದಾಂತಗಳನ್ನು ಓದಿ ಪಂಡಿತರೆನಿಸಿಕೊಂಡರು. ಮಂತ್ರಾಲಯದ ರಾಘವೇಂದ್ರಸ್ವಾಮಿ ಮಠದ ಪರಂಪರೆಯ ವರದೇಂದ್ರತೀರ್ಥರಲ್ಲಿ ಅವರು ಶಾಸ್ತ್ರಾಭ್ಯಾಸ ಮಾಡಿದರೆಂದು ಸಂಪ್ರದಾಯ ಹೇಳುತ್ತದೆ. ಮಾನ್ವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು.

ಅವರ ಜೀವನದ ತಿರುವನ್ನು ವಿವರಿಸುವ ಕಥೆ ಕನ್ನಡನಾಡಿನಲ್ಲಿ ಸುಪ್ರಸಿದ್ಧವಾದುದು. ವಿಜಯದಾಸರು ಮಾನ್ವಿಗೆ ಬಂದಾಗ ಸಮಾರಾಧನೆ ಏರ್ಪಟ್ಟಿತು. ಊಟಕ್ಕೆ ಬರಬೇಕೆಂದು ಪಂಡಿತರಿಗೂ ಕರೆ ಹೋಯಿತು. ಕನ್ನಡ ಪದ ಹಾಡಿಕೊಂಡು ತಿರುಗುವವರ ಪಂಕ್ತಿಯಲ್ಲಿ ಕೂರಲು ಶ್ರೀನಿವಾಸಾಚಾರ್ಯರಿಗೆ ಮನಸ್ಸಿರಲಿಲ್ಲ. ಹೊತ್ತು ಮೀರಿ ಉಂಡರೆ ಹೊಟ್ಟೆನೋವು ಬರುತ್ತದೆ ಎಂಬ ನೆವ ಹೇಳಿ ಕಳಿಸಿದರು. ಮುಂದೆ ಆ ನೆವವೇ ನಿಜವಾಯಿತು. ಯಾವ ಔಷಧಕ್ಕೂ ಬಗ್ಗದ ಉದರವ್ಯಾಧಿಯಿಂದ ಅವರು ಕೃಶರಾದರು. ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರು. ಅಲ್ಲಿಂದ ವಿಜಯದಾಸರ ಬಳಿಗೆ ಹೋಗಬೇಕೆಂಬ ಸೂಚನೆ ದೊರೆಯಿತು. ವಿಜಯದಾಸರು ಅವರನ್ನು ತಾವು ಗುಣಪಡಿಸದೆ ತಮ್ಮ ಶಿಷ್ಯ ಗೋಪಾಲದಾಸರ ಕಡೆಗೆ ಕಳಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ಮಂತ್ರಿಸಿದ ಜೋಳದ ರೊಟ್ಟಿಯನ್ನು ಕೊಟ್ಟು ರೋಗವನ್ನು ನೀಗಿದರು. ಅಷ್ಟೇ ಅಲ್ಲ, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರು.

ಈ ಕಥೆಯನ್ನು ಚರಿತ್ರೆಯ ದಾಖಲೆಯೆಂದು ಓದುವುದಕ್ಕಿಂತ, ಪರಂಪರೆಯು ತನ್ನನ್ನು ತಾನು ಹೇಗೆ ಅರ್ಥಮಾಡಿಕೊಂಡಿದೆ ಎಂಬುದರ ಚಿತ್ರವೆಂದು ಓದುವುದು ಹೆಚ್ಚು ಫಲಕಾರಿ. ಇದರಲ್ಲಿ ಮೂರು ಸಂಗತಿಗಳು ಗಮನಾರ್ಹ. ಪಂಡಿತನ ತಪ್ಪು ದೇವರನ್ನು ನಿಂದಿಸಿದ್ದಲ್ಲ, ಭಾಷೆಯೊಂದನ್ನು ಕೀಳುಗಳೆದದ್ದು. ಅವನನ್ನು ಗುಣಪಡಿಸಿದವರು ಅವನಷ್ಟು ಓದಿದವರಲ್ಲ. ಗೋಪಾಲದಾಸರ ಹೆಸರು ಪರಂಪರೆಯಲ್ಲಿ ಪಾಂಡಿತ್ಯಕ್ಕಲ್ಲ, ಭಕ್ತಿಗೆ ಸಂಕೇತ. ಔಷಧವಾಗಿ ಬಂದದ್ದು ದುರ್ಲಭವಾದ ರಸಾಯನವಲ್ಲ, ಈ ಸೀಮೆಯ ಪ್ರತಿಯೊಂದು ಮನೆಯಲ್ಲಿ ದಿನವೂ ಬಡಿಯುವ ಜೋಳದ ರೊಟ್ಟಿ. ದೇವರ ಮಾತು ಸಂಸ್ಕೃತದ ಭಕ್ಷ್ಯದಲ್ಲಿ ಮಾತ್ರವಲ್ಲ, ನಿತ್ಯದ ರೊಟ್ಟಿಯಲ್ಲಿಯೂ ಇದೆಯೆಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಗುಣವಾದ ಬಳಿಕ ಶ್ರೀನಿವಾಸಾಚಾರ್ಯರು ಗೋಪಾಲದಾಸರ ಶಿಷ್ಯರಾದರು. ಪಂಢರಪುರಕ್ಕೆ ಹೋದಾಗ ಚಂದ್ರಭಾಗಾ ನದಿಯಲ್ಲಿ 'ಜಗನ್ನಾಥ ವಿಠಲ' ಎಂಬ ಅಂಕಿತ ಕೆತ್ತಿದ್ದ ಶಿಲೆ ದೊರೆಯಿತೆಂದು ಪ್ರತೀತಿ. ಅಲ್ಲಿಂದ ಮುಂದೆ ಅವರು ಕನ್ನಡದಲ್ಲಿಯೇ ಬರೆದರು. ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು, ಕ್ರಿ.ಶ. 1809ರಲ್ಲಿ, 81ನೆಯ ವಯಸ್ಸಿನಲ್ಲಿ ಮಾನ್ವಿಯಲ್ಲಿ ತೀರಿಕೊಂಡರು. ಅವರು ಒರಗಿ ಕುಳಿತು ಪಾಠ ಹೇಳುತ್ತಿದ್ದರೆನ್ನಲಾದ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ನಂಬುತ್ತಾರೆ. ಪ್ರತಿವರ್ಷ ಅದೇ ತಿಥಿಯಂದು ಅಲ್ಲಿ ಆರಾಧನೆ ನಡೆಯುತ್ತದೆ.

ಕೃತಿಗಳು

ಜಗನ್ನಾಥದಾಸರ ರಚನೆಗಳು ಮುಖ್ಯವಾಗಿ ಮೂರು ಬಗೆಯವು: ಇನ್ನೂರಕ್ಕೂ ಹೆಚ್ಚು ಕೀರ್ತನೆಗಳು, ತ್ರಿಪದಿಯಲ್ಲಿರುವ 'ತತ್ತ್ವಸುವ್ವಾಲಿ' ಹಾಗೂ ಭಾಮಿನಿ ಷಟ್ಪದಿಯಲ್ಲಿರುವ 'ಹರಿಕಥಾಮೃತಸಾರ'. ಇವಲ್ಲದೆ ಸುಳಾದಿ ಮತ್ತು ಉಗಾಭೋಗಗಳೂ ಇವೆ.

ತತ್ತ್ವಸುವ್ವಾಲಿಯ ಹೆಸರೇ ಕುತೂಹಲಕರವಾದುದು. 'ಸುವ್ವಿ' ಎಂಬುದು ಹೆಣ್ಣುಮಕ್ಕಳು ಒರಳಿನಲ್ಲಿ ಧಾನ್ಯ ಕುಟ್ಟುವಾಗ ಒನಕೆಯ ಏಟಿಗೆ ಸರಿಯಾಗಿ ಹಾಡುತ್ತಿದ್ದ ಪದದ ಪಲ್ಲವಿ. ತ್ರಿಪದಿಯಂತೂ ಬೀಸುವ ಕಲ್ಲಿನ ಛಂದಸ್ಸು. ಜೀವ, ಈಶ್ವರ, ತಾರತಮ್ಯಗಳಂಥ ತರ್ಕದ ವಿಷಯಗಳನ್ನು ತರ್ಕಶಾಸ್ತ್ರದಲ್ಲಿ ಪಳಗಿದ ಒಬ್ಬ ವಿದ್ವಾಂಸರು ಒರಳು ಬೀಸುಕಲ್ಲುಗಳ ಧಾಟಿಗೆ ಇಳಿಸಿದರು. 'ಇಳಿಸಿದರು' ಎನ್ನುವುದೂ ಸರಿಯಲ್ಲ. ಶಾಸ್ತ್ರದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಕೆಲಸದ ಜಾಗಕ್ಕೆ ಅದನ್ನು ಒಯ್ದರು ಎನ್ನಬೇಕು.

ಹರಿಕಥಾಮೃತಸಾರ

ಇದು 32 ಸಂಧಿಗಳ, ಸಾವಿರಕ್ಕೆ ಸಮೀಪ ಪದ್ಯಗಳುಳ್ಳ ಕೃತಿ. ಕೊನೆಯಲ್ಲಿ ಸೇರಿರುವ ಫಲಶ್ರುತಿ ಸಂಧಿಯನ್ನು ಶಿಷ್ಯರಾದ ಕರ್ಜಗಿ ದಾಸಪ್ಪನವರು ಬರೆದರು. ಅವರ ಅಂಕಿತ 'ಶ್ರೀದ ವಿಠಲ'. ಮಧ್ವಾಚಾರ್ಯರ ಸಿದ್ಧಾಂತದ ಬಹುಪಾಲು ವಿಷಯಗಳು ಇಲ್ಲಿ ಕನ್ನಡಕ್ಕೆ ಬಂದಿವೆ. ಕನ್ನಡ ಕೃತಿಯೊಂದಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನಗಳು ಹುಟ್ಟಿದ್ದು ಅಪರೂಪದ ಸಂಗತಿ; ಹರಿಕಥಾಮೃತಸಾರಕ್ಕೆ ಆ ಗೌರವ ಸಂದಿದೆ. ಸಂಕರ್ಷಣ ಒಡೆಯರ ವ್ಯಾಖ್ಯಾನವನ್ನು ಪಾಠ ಹೇಳುವವರು ಇಂದಿಗೂ ಆಧರಿಸುತ್ತಾರೆ. ಒಂದು ಕಾಲಕ್ಕೆ ಕನ್ನಡ ಪದಗಳನ್ನು ಬದಿಗೆ ಸರಿಸಿದ್ದ ಪಂಡಿತರ ಕನ್ನಡ ಪದ್ಯಕ್ಕೇ ಸಂಸ್ಕೃತ ಟೀಕೆ ಬರೆಯಬೇಕಾಯಿತು.

ಸಂಧಿಗಳ ಹೆಸರುಗಳಿಂದಲೇ ಕೃತಿಯ ಹರಹು ತಿಳಿಯುತ್ತದೆ. ಮಂಗಳಾಚರಣ ಸಂಧಿ, ಕರುಣಾ ಸಂಧಿ, ವ್ಯಾಪ್ತಿ ಸಂಧಿ, ಭೋಜನ ಸಂಧಿ, ವಿಭೂತಿ ಸಂಧಿ, ಮಾತೃಕಾ ಸಂಧಿ, ನಾಮಸ್ಮರಣ ಸಂಧಿ, ಶ್ವಾಸ ಸಂಧಿ ಹೀಗೆ ಅವು ಸಾಗುತ್ತವೆ. ಉಣ್ಣುವ ಅನ್ನ, ಎಳೆಯುವ ಉಸಿರು, ಉಚ್ಚರಿಸುವ ಅಕ್ಷರ ಎಲ್ಲವೂ ಭಗವಂತನ ನೆಲೆಯೆಂದು ತೋರಿಸುವುದು ಕವಿಯ ಉದ್ದೇಶ. ಶ್ವಾಸ ಸಂಧಿಯಲ್ಲಿ ಒಂದು ಹಗಲು–ರಾತ್ರಿಯಲ್ಲಿ ಮನುಷ್ಯನಲ್ಲಿ ನಡೆಯುವ 21,600 ಶ್ವಾಸಜಪಗಳ ವಿಚಾರವಿದೆ. ನಿಮಿಷಕ್ಕೆ 15 ಉಸಿರಿನಂತೆ 24 ಗಂಟೆಗಳಿಗೆ ಲೆಕ್ಕ ಹಾಕಿದರೆ ವಿದ್ಯಾರ್ಥಿಗಳಿಗೆ ಇದೇ ಸಂಖ್ಯೆ ಸಿಗುತ್ತದೆ.

ಎಲ್ಲ ಸಂಧಿಗಳೂ ಒಂದೇ ಬಗೆಯಲ್ಲಿ ಹೃದ್ಯವಾಗಿಲ್ಲ. ದೇವತೆಗಳ ಮೇಲು–ಕೆಳಗಿನ ಕ್ರಮವನ್ನು ಹೇಳುವ ತಾರತಮ್ಯ ಸಂಧಿಗಳು ಪಟ್ಟಿಯಂತೆ ಸಾಗುತ್ತವೆ. ಸಂಪ್ರದಾಯದ ಪರಿಚಯವಿಲ್ಲದ ಓದುಗನಿಗೆ ಅವು ಒಣಗಿದಂತೆ ಕಾಣುವುದು ಸಹಜ. ದೈತ್ಯರ ತಾರತಮ್ಯವನ್ನು ಹೇಳುವ ಭಾಗದ ಕಾಠಿಣ್ಯ ಇಂದಿನ ಮನಸ್ಸಿಗೆ ಒಗ್ಗುವುದಿಲ್ಲ. ಪುರಂದರದಾಸರ ಅಥವಾ ಕನಕದಾಸರ ಪದಗಳಲ್ಲಿ ಸಿಗುವ ಸಮಾಜದ ಕಟುವಿಮರ್ಶೆಯನ್ನು ಇಲ್ಲಿ ಹುಡುಕುವವರು ನಿರಾಶರಾಗುತ್ತಾರೆ. ಜಗನ್ನಾಥದಾಸರ ಶಕ್ತಿ ಇರುವುದು ಬೇರೆ ಕಡೆ.

ಪದರಚನೆ ಮತ್ತು ನಂಬಿಕೆ ಕುರಿತ ವಿಚಾರ

ಜಗನ್ನಾಥದಾಸರು ಹಾಡಿನ ಬಗ್ಗೆ ಪ್ರತ್ಯೇಕ ಶಾಸ್ತ್ರಗ್ರಂಥವನ್ನು ಬರೆಯಲಿಲ್ಲ. ಅವರ ವಿಚಾರಗಳು ಹರಿಕಥಾಮೃತಸಾರದಲ್ಲಿ, ಅದರಲ್ಲಿಯೂ ಎರಡನೆಯದಾದ ಕರುಣಾ ಸಂಧಿಯಲ್ಲಿ, ಚದುರಿಕೊಂಡಿವೆ.

ಆ ಸಂಧಿ ಮೊದಲಾಗುವುದು ಕೇಳುವುದರ ಫಲವನ್ನು ಹೇಳುವುದರಿಂದ. ಕೃತಿ ಕಟ್ಟಿದವನ ಹೆಚ್ಚುಗಾರಿಕೆಯಿಂದಲ್ಲ, ಕೇಳುವವನ ಕಿವಿಯಿಂದ. ಹರಿಕಥೆಯನ್ನು ಕೇಳಿದರೆ ಕಿವಿಗೂ ಮನಸ್ಸಿಗೂ ಸಂತೋಷ, ಸಂಸಾರದ ದುಃಖಕ್ಕೆ ಶಮನ, ಇಹಪರಗಳೆರಡರಲ್ಲಿಯೂ ಫಲ ಎಂದು ಕವಿ ಹೇಳುತ್ತಾರೆ. ಮೊದಲು ಬಂದದ್ದು ಸಂತೋಷ ಎಂಬುದನ್ನು ಗಮನಿಸಬೇಕು. ತತ್ತ್ವ ಕಹಿಯಾದ ಔಷಧವಾಗಿರಬೇಕಿಲ್ಲ. ಕಿವಿಗೆ ಹಿತವಾಗದಿದ್ದರೆ ಅದು ಒಳಗೆ ಇಳಿಯುವುದೇ ಇಲ್ಲ.

ಎರಡನೆಯದು ಭಾಷೆಯ ಪ್ರಶ್ನೆ. ಅದಕ್ಕೆ ಅವರು ಕೊಡುವ ದೃಷ್ಟಾಂತ ನೀರಿನದು. ಮಳೆ ಬಂದಾಗ ಓಣಿಯಲ್ಲಿ ಹರಿಯುವ ನೀರನ್ನು ಊರಿನವರು ಯಾರೂ ಬಳಸುವುದಿಲ್ಲ. ಆದರೆ ಅದೇ ನೀರು ದೊಡ್ಡ ಹೊಳೆಯನ್ನು ಸೇರಿದ ಮೇಲೆ ಜನ ಅದರಲ್ಲಿ ಮೀಯುತ್ತಾರೆ, ಅದನ್ನು ಕುಡಿಯುತ್ತಾರೆ. ತಮ್ಮ ಮಾತು ಕಲುಷಿತವೇ ಆಗಿರಲಿ, ಅದು ಗಂಗೆಯನ್ನು ಹೆತ್ತ ಪಾದದ ಮಹಿಮೆಯ ಕಡಲನ್ನು ಹೊಕ್ಕಿದೆ. ಹಾಗಿರುವಾಗ ಬ್ರಾಹ್ಮಣರು ಅದನ್ನು ಒಲ್ಲೆನ್ನಬಹುದೇ ಎಂದು ಕೇಳುತ್ತಾರೆ. ಇದು ವಿನಯದ ಮಾತಿನಂತೆ ಕಂಡರೂ ಒಳಗೆ ಬಲವಾದ ವಾದವಿದೆ. ಪ್ರಶ್ನೆ ಕೇಳಿರುವುದು ಪಂಡಿತರನ್ನು. ಅಂದರೆ ಒಂದು ಕಾಲದ ತಮ್ಮನ್ನೇ. ಓಣಿಯ ನೀರು ಕೆಟ್ಟದ್ದೆಂದು ಮೂಗು ಮುರಿಯುವವನಿಗೆ ಹೊಳೆಯ ನೀರೂ ಸಿಗುವುದಿಲ್ಲ, ಏಕೆಂದರೆ ಹೊಳೆ ತುಂಬುವುದು ಓಣಿಯ ನೀರಿನಿಂದಲೇ. ಮಳೆಗಾಲದಲ್ಲಿ ಕೆಂಪು–ಕಪ್ಪು ಮಣ್ಣಿನ ನೀರು ಹಳ್ಳಗಳಿಂದ ಇಳಿದು ತುಂಗಭದ್ರೆಯನ್ನು ಸೇರುವುದನ್ನು ಕಂಡ ಮಾನ್ವಿಯವರಿಗೆ ಈ ದೃಷ್ಟಾಂತಕ್ಕೆ ಟೀಕೆ ಬೇಕಾಗಿಲ್ಲ.

ಮೂರನೆಯದು ಹಾಡುವವನಿಗೂ ಕೇಳುವವನಿಗೂ ಇರುವ ಸಂಬಂಧ. ಇಲ್ಲಿ ಕೇಳುವವನು ಭಗವಂತ. ಮಲಗಿದ ಭಕ್ತನು ಆದರದಿಂದ ಹಾಡಿದರೆ ಆತ ಎದ್ದು ಕುಳಿತು ಕೇಳುತ್ತಾನೆ. ಭಕ್ತ ಒಂದು ಹೆಜ್ಜೆ ಏರಿದಂತೆ ಆತನೂ ಒಂದು ಹೆಜ್ಜೆ ಏರುತ್ತಾನೆ. ಕೊನೆಗೆ ಭಕ್ತ ಮೈಮರೆತು ನಲಿದರೆ ಆತ ಒಲಿದೇಬಿಡುತ್ತಾನೆ. ಇದರಲ್ಲಿ ರಾಗ, ತಾಳ, ಕಂಠಶ್ರೀ ಯಾವುದರ ಷರತ್ತೂ ಇಲ್ಲ. ಬೇಕಾದದ್ದು ಆದರ ಒಂದೇ. ಹಾಸಿಗೆ ಹಿಡಿದವನೂ ಹಾಡಬಹುದು ಎಂಬುದು, ದೀರ್ಘಕಾಲ ಹಾಸಿಗೆ ಹಿಡಿದಿದ್ದರೆಂದು ಪರಂಪರೆ ಹೇಳುವ ಕವಿಯ ಬಾಯಿಂದ ಬಂದಾಗ ಸುಮ್ಮನೆ ಅಲಂಕಾರದ ಮಾತಾಗಿ ಉಳಿಯುವುದಿಲ್ಲ.

ನಾಮಸ್ಮರಣ ಸಂಧಿ ಇದನ್ನೇ ದಿನಚರಿಗೆ ಅನ್ವಯಿಸುತ್ತದೆ. ಮಕ್ಕಳನ್ನು ಆಡಿಸುವಾಗ, ಹೆಂಡತಿಯೊಡನೆ ಸರಸದಲ್ಲಿರುವಾಗ, ವಾಹನವೇರಿ ಮೆರೆಯುವಾಗ, ಇಂಥ ಸಾಮಾನ್ಯ ಕ್ಷಣಗಳಲ್ಲಿಯೇ ನಾಮ ಬಾಯಿಗೆ ಬರಬೇಕೆಂದು ಕವಿ ಬಯಸುತ್ತಾರೆ. ಸಂಸಾರವನ್ನು ತೊರೆದವನಿಗೆ ಮಾತ್ರ ಹಾಡಿನ ಹಕ್ಕಿದೆಯೆಂಬ ಅಭಿಪ್ರಾಯಕ್ಕೆ ಇಲ್ಲಿ ಎಡೆಯಿಲ್ಲ. ಹರಿದಾಸರಲ್ಲಿ ಹೆಚ್ಚಿನವರು ಗೃಹಸ್ಥರೇ.

ಮಾತೃಕಾ ಸಂಧಿಯಲ್ಲಿ ವಿಚಾರ ಇನ್ನೂ ಆಳಕ್ಕೆ ಹೋಗುತ್ತದೆ. ವರ್ಣಮಾಲೆಯ ಒಂದೊಂದು ಅಕ್ಷರಕ್ಕೂ ಭಗವಂತನ ಒಂದೊಂದು ರೂಪವಿದೆಯೆಂಬುದು ಅದರ ವಿಷಯ. ಮಾಧ್ವ ಮತದಲ್ಲಿ ಎಲ್ಲ ಶಬ್ದಗಳೂ ಕೊನೆಗೆ ವಿಷ್ಣುವನ್ನೇ ಹೇಳುತ್ತವೆ. ಈ ತತ್ತ್ವವನ್ನು ಪೂರ್ತಿಯಾಗಿ ಒಪ್ಪಿದರೆ ಸಂಸ್ಕೃತ ಮೇಲು, ಕನ್ನಡ ಕೀಳು ಎಂಬ ವಿಭಾಗ ನಿಲ್ಲುವುದೇ ಕಷ್ಟ. ಅಕ್ಷರಗಳು ಎರಡಕ್ಕೂ ಅವೇ ತಾನೆ? ಜಗನ್ನಾಥದಾಸರು ಈ ತೀರ್ಮಾನವನ್ನು ಇದೇ ಮಾತುಗಳಲ್ಲಿ ಹೇಳಿಲ್ಲ. ಆದರೆ ಇಡೀ ಸಿದ್ಧಾಂತವನ್ನು ಕನ್ನಡದಲ್ಲಿ ಬರೆದು ತೋರಿಸಿದ್ದೇ ಅವರ ಉತ್ತರವೆಂದು ತಿಳಿಯಲು ಅಡ್ಡಿಯಿಲ್ಲ.

ಛಂದಸ್ಸು, ಸಂಗೀತ ಮತ್ತು ಬಾಳಿಕೆ

ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೆ ಒಂದು ಬರುತ್ತವೆ. 1, 2, 4 ಮತ್ತು 5ನೆಯ ಸಾಲುಗಳಲ್ಲಿ ತಲಾ 14 ಮಾತ್ರೆಗಳು. 3 ಮತ್ತು 6ನೆಯ ಸಾಲುಗಳಲ್ಲಿ ಕೊನೆಯ ಗುರುವೂ ಸೇರಿ ತಲಾ 23 ಮಾತ್ರೆಗಳು. ಒಟ್ಟು 102. ಕುಮಾರವ್ಯಾಸನು ಭಾರತವನ್ನು ಹಾಡಿದ್ದು ಇದೇ ಛಂದಸ್ಸಿನಲ್ಲಿ. ಮೂರು–ನಾಲ್ಕರ ಈ ನಡಿಗೆಗೆ ಏಳು ಎಣಿಕೆಯ ತಾಳ ಸಹಜವಾಗಿ ಒದಗುತ್ತದೆ. ಜೊತೆಗೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿರುತ್ತದೆ. ಒಂದು ಪದ ಮರೆತರೂ ಪ್ರಾಸ ಮತ್ತು ಮಾತ್ರೆಗಳು ಅದನ್ನು ನೆನಪಿಗೆ ತಂದುಕೊಡುತ್ತವೆ. ತಪ್ಪು ಪದ ಹಾಕಿದರೆ ನಡಿಗೆ ಕುಂಟುತ್ತದೆ. ಓದು ಬರಹ ಬಾರದ ಅಜ್ಜಿಯರು ಸಂಧಿಗೆ ಸಂಧಿಯನ್ನೇ ಬಾಯಿಪಾಠವಾಗಿ ಹೇಳುತ್ತಿದ್ದದ್ದರ ಗುಟ್ಟಿನಲ್ಲಿ ಭಕ್ತಿಯಷ್ಟೇ ಛಂದಸ್ಸಿನ ಪಾಲೂ ಇದೆ.

ಸುಳಾದಿಯ ಕಥೆ ಇದಕ್ಕಿಂತ ಭಿನ್ನ, ಮತ್ತು ಸ್ವಲ್ಪ ವಿಷಾದದ್ದು. ಸುಳಾದಿಯೆಂದರೆ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಈ ತಾಳಗಳಲ್ಲಿ ಒಂದೊಂದು ನುಡಿಯನ್ನು ಕಟ್ಟಿ, ಕೊನೆಗೆ 'ಜತೆ' ಎಂಬ ದ್ವಿಪದಿಯಿಂದ ಮುಗಿಸುವ ದೀರ್ಘ ರಚನೆ. ವಿಜಯದಾಸರು ಇದರಲ್ಲಿ ಎತ್ತಿದ ಕೈ. ಪುರಂದರದಾಸರ ಕೆಲವು ಸುಳಾದಿಗಳಿಗೆ ಸ್ವರಲಿಪಿ ಉಳಿದಿದೆ. 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಅವು ಸೇರಿವೆ. ಆದರೆ ರಾಯಚೂರು ಸೀಮೆಯ ದಾಸರ ಬಹುಪಾಲು ಹಾಡುಗಳ ಸಾಹಿತ್ಯ ಉಳಿಯಿತು, ಅವರು ಹಾಡಿದ ಧಾಟಿ ಉಳಿಯಲಿಲ್ಲ. ಹಸ್ತಪ್ರತಿ ಬರೆದವರು ಪದದ ಮೇಲೆ ರಾಗ–ತಾಳಗಳ ಹೆಸರನ್ನು ಬರೆದರೇ ಹೊರತು ಸ್ವರವನ್ನಲ್ಲ. ಇಂದು ಸುಳಾದಿಗಳನ್ನು ಹಾಡುವುದಕ್ಕಿಂತ ಪಾರಾಯಣ ಮಾಡುವುದೇ ಹೆಚ್ಚು.

ಕೀರ್ತನೆಗಳ ವಿಷಯದಲ್ಲಿ ಈ ನಷ್ಟವೇ ಒಂದು ಬಗೆಯ ಸ್ವಾತಂತ್ರ್ಯವೂ ಆಯಿತು. ಒಂದೇ ಪದವನ್ನು ಭಜನೆಯ ಗುಂಪು ತಾಳ–ತಂಬೂರಿಯೊಡನೆ ಒಂದು ಮಟ್ಟಿನಲ್ಲಿ ಹಾಡುತ್ತದೆ. ಕರ್ನಾಟಕ ಸಂಗೀತದ ವಿದ್ವಾಂಸರು ಇನ್ನೊಂದು ರಾಗದಲ್ಲಿ. ಹಿಂದೂಸ್ತಾನಿ ಗಾಯಕರು ಮತ್ತೊಂದರಲ್ಲಿ. ಉತ್ತರ ಕರ್ನಾಟಕದಲ್ಲಿ 'ದಾಸವಾಣಿ' ಎಂಬುದೇ ಒಂದು ಗಾಯನಪ್ರಕಾರವಾಗಿ ಬೆಳೆಯಿತು. ಗದಗಿನ ಪಂಡಿತ ಭೀಮಸೇನ ಜೋಶಿಯವರ ಕಂಠದಿಂದ ಅದು ಕನ್ನಡ ಬಾರದ ಶ್ರೋತೃಗಳನ್ನೂ ಮುಟ್ಟಿತು. ವಿದ್ಯಾಭೂಷಣರ ಧ್ವನಿಸುರುಳಿಗಳು ದಾಸರ ಪದಗಳನ್ನು ಮನೆಮನೆಯ ಬೆಳಗಿನ ಹಾಡಾಗಿಸಿದವು. ಮೂಲ ಮಟ್ಟು ತಿಳಿದಿದ್ದರೆ ಶುದ್ಧತೆಯ ಹೆಸರಿನಲ್ಲಿ ಇಷ್ಟೊಂದು ವೈವಿಧ್ಯಕ್ಕೆ ಅವಕಾಶ ಇರುತ್ತಿತ್ತೋ ಇಲ್ಲವೋ. ಹಾಗೆಂದು ಕಳೆದುಹೋದ ಧಾಟಿಗಳ ಬಗ್ಗೆ ಮರುಗದೆ ಇರುವುದೂ ಸಾಧ್ಯವಿಲ್ಲ.

ಶಿಷ್ಯಪರಂಪರೆ ಮತ್ತು ಲಿಂಗಸುಗೂರು

ಜಗನ್ನಾಥದಾಸರ ಶಿಷ್ಯರಲ್ಲಿ ಕರ್ಜಗಿ ದಾಸಪ್ಪನವರಂತೆಯೇ ಪ್ರಮುಖರು ಲಿಂಗಸುಗೂರಿನ ಪ್ರಾಣೇಶದಾಸರು. ಅವರಿಂದ ಗುರುಪ್ರಾಣೇಶ, ಶ್ರೀಶಪ್ರಾಣೇಶ ಎಂಬ ಅಂಕಿತಗಳ ದಾಸರ ಪರಂಪರೆ ಮುಂದುವರಿಯಿತು. ಲಿಂಗಸುಗೂರಿನಲ್ಲಿ ವರದೇಂದ್ರತೀರ್ಥರ ಬೃಂದಾವನವಿದೆ. ಅವರ ಮೂಲ ಬೃಂದಾವನ ಪುಣೆಯಲ್ಲಿದೆ. ಹೀಗೆ ಜಗನ್ನಾಥದಾಸರ ಗುರುವಿನ ನೆನಪೂ ಶಿಷ್ಯನ ನೆನಪೂ ಒಂದೇ ಊರಿನಲ್ಲಿ ಕೂಡಿವೆ.

ಹಾಡುಗಳ ಉಳಿವಿನ ವಿಷಯದಲ್ಲಿ ಲಿಂಗಸುಗೂರಿಗೆ ಇನ್ನೊಂದು ಮಹತ್ತ್ವವಿದೆ. ಹರಿದಾಸರ ಪದಗಳು ಮೊದಲ ಬಾರಿಗೆ ಅಚ್ಚಿಗೆ ಬಂದದ್ದು ದೂರದ ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರಿಂದ, 1850ರಲ್ಲಿ. ರಾಯಚೂರು ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ಶಾಲೆಯಲ್ಲಿ ಕನ್ನಡಕ್ಕೆ ಜಾಗ ಕಡಿಮೆ. ಅಂಥ ಕಾಲದಲ್ಲಿ ಕನ್ನಡವನ್ನು ಓದಿಸುತ್ತಿದ್ದದ್ದು ಮಠ, ಪುರಾಣ ಮತ್ತು ಭಜನೆಗಳು. ಇಪ್ಪತ್ತನೆಯ ಶತಮಾನದಲ್ಲಿ ಗೊರೆಬಾಳ ಹನುಮಂತರಾಯರು ಲಿಂಗಸುಗೂರಿನ ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ದಾಸರ ಕೃತಿಗಳನ್ನು ಸಂಪಾದಿಸಿ ಸಂಪುಟಗಳಾಗಿ ಪ್ರಕಟಿಸಿದರು. ವಿಶ್ವವಿದ್ಯಾಲಯಗಳು ದಾಸಸಾಹಿತ್ಯದ ಸಮಗ್ರ ಸಂಪುಟಗಳನ್ನು ಯೋಜಿಸುವುದಕ್ಕೆ ಮೊದಲೇ ತಾಲ್ಲೂಕು ಕೇಂದ್ರವೊಂದರಲ್ಲಿ ನಡೆದ ಕೆಲಸವಿದು. ಕೀಟ ಮತ್ತು ಗೆದ್ದಲಿಗೆ ಆಹಾರವಾಗಬೇಕಿದ್ದ ಎಷ್ಟೋ ಪದಗಳು ಇದರಿಂದ ಉಳಿದವು. ದಾಸಸಾಹಿತ್ಯದ ಚರ್ಚೆಗಳಲ್ಲಿ ಹನುಮಂತರಾಯರ ಹೆಸರು ಸಿಗಬೇಕಾದಷ್ಟು ಸಿಗುವುದಿಲ್ಲ.

ಇಂದಿನ ಬಳಕೆ

ಹರಿಕಥಾಮೃತಸಾರದ ಪಾಠ–ಪಾರಾಯಣಗಳು ಇಂದಿಗೂ ನಡೆಯುತ್ತಿವೆ. ರಾಯಚೂರು, ಮಾನ್ವಿ, ಲಿಂಗಸುಗೂರುಗಳಲ್ಲಿ ಮಾತ್ರವಲ್ಲ, ಬೆಂಗಳೂರು, ಹೈದರಾಬಾದುಗಳ ಬಡಾವಣೆಗಳಲ್ಲಿಯೂ ಮಹಿಳೆಯರ ಭಜನಾ ಮಂಡಳಿಗಳು ವಾರಕ್ಕೊಂದು ದಿನ ಸೇರಿ ಸಂಧಿಗಳನ್ನು ಕಲಿಯುತ್ತವೆ. ಪಾಠದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲು ಒಂದು ಪದ್ಯವನ್ನು ಎಲ್ಲರೂ ಸೇರಿ ಹಾಡುವುದು, ಅನಂತರ ಪದವಿಭಾಗ, ಆಮೇಲೆ ಅರ್ಥ, ಕೊನೆಗೆ ಮತ್ತೊಮ್ಮೆ ಹಾಡು. ವಿದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈಗ ಮೊಬೈಲಿನಲ್ಲಿಯೇ ಪಾಠ ಸಿಗುತ್ತದೆ. ಹೊಸದಾಗಿ ಓದತೊಡಗುವವರು ಮಂಗಳಾಚರಣದ ನಂತರ ಕರುಣಾ, ಭೋಜನ ಮತ್ತು ನಾಮಸ್ಮರಣ ಸಂಧಿಗಳನ್ನು ಓದಿ, ತಾರತಮ್ಯ ಸಂಧಿಗಳನ್ನು ವ್ಯಾಖ್ಯಾನದ ನೆರವಿನಿಂದ ಕೊನೆಗೆ ಓದುವುದು ಅನುಕೂಲ. ವಿಶೇಷವಾಗಿ ಕರುಣಾ ಸಂಧಿಯನ್ನು ಕಣ್ಣಿನಿಂದ ಓದುವ ಮೊದಲು ಯಾರಾದರೂ ಹಾಡಿದ್ದನ್ನು ಒಮ್ಮೆ ಕೇಳಬೇಕು. ಕನ್ನಡದಲ್ಲಿ ಜಗನ್ನಾಥದಾಸರ ಜೀವನವನ್ನು ಆಧರಿಸಿದ ಚಲನಚಿತ್ರವೂ ಬಂದಿದೆ.